ಕಾಪುವಿನಿಂದ ಕಾರ್ಕಳಕ್ಕೆ ಒಂದು ಇಂಗ್ಲಿಷ್ ಪಾಠ

ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಐದಾರು ಭಾಷೆಗಳು ಕಿವಿಗೆ ಬೀಳುತ್ತವೆ. ಕಂಡಕ್ಟರ್ ತುಳುವಿನಲ್ಲಿ ಕರೆಯುತ್ತಾನೆ. ಬುರ್ಖಾ ಧರಿಸಿದ ಸಹೋದರಿಯರು ಬ್ಯಾರಿಯಲ್ಲೋ ಉರ್ದುವಿನಲ್ಲೋ ಮಾತಾಡಿಕೊಳ್ಳುತ್ತಿರುತ್ತಾರೆ. ಆಚೆ ಬದಿಯಲ್ಲಿ ಕೊಂಕಣಿ. ಮಣಿಪಾಲದ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳದ್ದು ಹಿಂದಿ, ಮಲಯಾಳಂ, ಇಂಗ್ಲಿಷ್. ಇಷ್ಟೆಲ್ಲ ಭಾಷೆಗಳ ನಡುವೆ ಬೆಳೆದ ನಮ್ಮ ಹೆಣ್ಣುಮಕ್ಕಳು "ನನಗೆ ಭಾಷೆ ಬರುವುದಿಲ್ಲ" ಎಂದು ತಲೆ ತಗ್ಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರು ಹೇಳುವ ಆ 'ಭಾಷೆ' ಇಂಗ್ಲಿಷ್ ಮಾತ್ರ.

ನನ್ನ ಊರು ಕಾಪು. ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದಿಂದ ಊರಿಗೆ ಹೆಸರು ಬಂದಿದೆ. ನಾನು ಮೊದಲು ಕಲಿತದ್ದು ಮದ್ರಸದಲ್ಲಿ, ಬಿ.ಎ. ಮುಗಿಸಿದ್ದು ಆ ಬಳಿಕ. ಝುಹರ್ ನಮಾಝಿನ ನಂತರ ನಮ್ಮ ಮನೆಯ ಚಾವಡಿಯಲ್ಲಿ ಏಳೆಂಟು ತಾಯಂದಿರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವರಲ್ಲೊಬ್ಬರು ಏಳನೇ ತರಗತಿಗೆ ಶಾಲೆ ಬಿಟ್ಟವರು. ಅವರ ಮಗ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಿದ್ದ. ಒಂದು ದಿನ ಆ ಹುಡುಗ, "ಉಮ್ಮಾ, ಪೇರೆಂಟ್ಸ್ ಮೀಟಿಂಗಿಗೆ ನೀನು ಬರಬೇಡ" ಎಂದುಬಿಟ್ಟನಂತೆ. ಅದನ್ನು ಹೇಳುವಾಗ ಆ ತಾಯಿ ನಗಲು ಪ್ರಯತ್ನಿಸಿದರು, ಆದರೆ ಕಣ್ಣು ತುಂಬಿಕೊಂಡಿತ್ತು.

2018ರ ನವೆಂಬರಿನಲ್ಲಿ ನನಗೆ ಹೊಸ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಸ್ಪೇನ್ ದೇಶದವಳು, ಗಂಡನ ಜೊತೆ ಒಂದು ವರ್ಷಕ್ಕೆಂದು ಮಣಿಪಾಲಕ್ಕೆ ಬಂದಿದ್ದಳು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಿಳಿ ಚರ್ಮದವರಿಗೆಲ್ಲ ಇಂಗ್ಲಿಷ್ ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿದ್ದ ನಮ್ಮ ತಾಯಂದಿರಿಗೆ ಇದು ದೊಡ್ಡ ಆಶ್ಚರ್ಯ. ಸುಮಾರು 20 ದೇಶಗಳ ಆಡಳಿತ ಭಾಷೆಯಾದ ಸ್ಪ್ಯಾನಿಷ್ ಆಕೆಯ ತಾಯ್ನುಡಿ. ನನಗೆ ಸ್ಪ್ಯಾನಿಷ್ ತಿಳಿಯದು, ಆಕೆಗೆ ಕನ್ನಡ ತಿಳಿಯದು. ನಮ್ಮ ನಡುವೆ ಒಂದು ಪುಟ್ಟ ನಿಘಂಟು ಮಾತ್ರ ಇತ್ತು. ವಾರಕ್ಕೆರಡು ದಿನ ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಗುಡ್ಡ ಹತ್ತತೊಡಗಿದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದರು. ಬೋಳು ಗುಡ್ಡವಾಗಿದ್ದ ಜಾಗದಲ್ಲಿ ಇಂದು ಲೋಕದ ನಾನಾ ಕಡೆಯವರು ಓಡಾಡುತ್ತಾರೆ.

ಮೊದಲ ಪಾಠ ಅಡಿಗೆ ಕೋಣೆಯಲ್ಲೇ ನಡೆಯಿತು. ಸಕ್ಕರೆ ಡಬ್ಬ ತೋರಿಸಿ 'ಶುಗರ್' ಎಂದೆ. ಆಕೆ 'ಅಸೂಕರ್' ಎಂದಳು. ನಾನು ಬೆಚ್ಚಿಬಿದ್ದೆ. ಮದ್ರಸದಲ್ಲಿ ಕಲಿತ ಅರಬಿಯ 'ಅಸ್ಸುಕ್ಕರ್' ಅಲ್ಲವೇ ಇದು! ಹತ್ತಿಗೆ ಅವರು 'ಅಲ್ಗೊದೋನ್' ಎನ್ನುತ್ತಾರೆ, ಅರಬಿಯಲ್ಲಿ ಅದು 'ಅಲ್‌ಕುತ್ನ್', ಇಂಗ್ಲಿಷಿನ 'ಕಾಟನ್' ಕೂಡಾ ಅದರ ಸಂತಾನವೇ. ಅಂಗಿಗೆ ಅವರು 'ಕಮೀಸಾ' ಎಂದರೆ ನಾವು 'ಕಮೀಸು' ಎನ್ನುತ್ತೇವೆ. 711ರಿಂದ 1492ರ ತನಕ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಮರ ಆಳ್ವಿಕೆಯಿತ್ತು. ಅರಸರು ಹೋದರೂ ಸಾವಿರಾರು ಅರಬಿ ಪದಗಳು ಅಲ್ಲಿನ ಅಡಿಗೆ ಕೋಣೆ, ಹೊಲ, ಮಾರುಕಟ್ಟೆಗಳಲ್ಲಿ ಉಳಿದವು. ಸಕ್ಕರೆಯ ಕಥೆಯಂತೂ ಇನ್ನೂ ಸೊಗಸು. ಸಂಸ್ಕೃತದ ಶರ್ಕರೆ ಪಾರಸಿಗೆ ಹೋಗಿ, ಅರಬಿಗೆ ದಾಟಿ, ಅಲ್ಲಿಂದ ಸ್ಪೇನ್ ತಲುಪಿದೆ. ನಮ್ಮ ದೇಶದಿಂದ ಹೊರಟ ಪದವನ್ನೇ ನಾನು ಆಕೆಯ ಬಾಯಲ್ಲಿ ಕೇಳುತ್ತಿದ್ದೆ.

ಆಕೆಯ ತಪ್ಪುಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಕಾಪುವಿನವರ ತಪ್ಪುಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಯಾರೂ ಸುಮ್ಮನೆ ತಪ್ಪು ಮಾಡುವುದಿಲ್ಲ, ತಾಯ್ನುಡಿ ಹೇಳಿದಂತೆ ನಡೆಯುತ್ತಾರೆ ಅಷ್ಟೆ. 'ನಾನು ಟೀಚರ್' ಎಂದು ಕನ್ನಡದಲ್ಲಿ ಹೇಳಿದರೆ ವಾಕ್ಯ ಮುಗಿಯಿತು. ಅರಬಿಯಲ್ಲೂ 'ಅನ ಮುಅಲ್ಲಿಮ' ಎಂದರೆ ಸಾಕು. ಆದ್ದರಿಂದ ನಮ್ಮವರು 'ಐ ಟೀಚರ್' ಎಂದು 'ಆ್ಯಮ್' ಬಿಡುತ್ತಾರೆ. ಆಕೆ 'ಆ್ಯಮ್ ಟೀಚರ್' ಎಂದು 'ಐ' ಬಿಡುತ್ತಿದ್ದಳು. ನಮ್ಮ 'ಬಂದೆ' ಎಂಬ ಪದದೊಳಗೆ 'ನಾನು' ಅಡಗಿರುವಂತೆ ಸ್ಪ್ಯಾನಿಷಿನ ಕ್ರಿಯಾಪದದೊಳಗೂ ಅದು ಅಡಗಿರುತ್ತದೆ. ವಯಸ್ಸು ಕೇಳಿದರೆ ಆಕೆ 'ಐ ಹ್ಯಾವ್ ಥರ್ಟಿ ಇಯರ್ಸ್' ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ವಯಸ್ಸನ್ನೂ ಹಸಿವನ್ನೂ 'ಹೊಂದಿರುತ್ತಾರೆ'. 'ಸ್ಕೂಲ್' ಎನ್ನಲು ಬಾರದೆ 'ಎಸ್ಕೂಲ್' ಎನ್ನುತ್ತಿದ್ದಳು. ಉರ್ದು ಮಾತಾಡುವ ನಮ್ಮ ಅಜ್ಜಿಯರ 'ಇಸ್ಕೂಲ್' ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಕಾರಣ ತಿಳಿದಾಗ ಆಕೆಯೂ ನಕ್ಕಳು.

ಕಾರ್ಕಳದ ಅತ್ತೂರು ಚರ್ಚ್ ನೋಡಬೇಕೆಂಬುದು ಆಕೆಯ ಆಸೆ. ಅಲ್ಲಿನ ಸಂತ ಲಾರೆನ್ಸರು ಮೂಲತಃ ಸ್ಪೇನಿನವರೆಂದು ಪ್ರತೀತಿಯಿದೆ. 2019ರ ಫೆಬ್ರವರಿಯಲ್ಲಿ, ಜಾತ್ರೆಯ ಜನಸಂದಣಿ ಕರಗಿದ ಮೇಲೆ ಹೊರಟೆವು. ಕಾಪುವಿನ ಆ ತಾಯಿಯನ್ನೂ ಕರೆದೆ. "ನಾನು ಬಂದು ಏನು ಮಾತಾಡಲಿ ಟೀಚರ್?" ಎಂದು ಹಿಂಜರಿದರು. "ಮಾತಾಡಬೇಡಿ, ಸುಮ್ಮನೆ ಬನ್ನಿ" ಎಂದು ಒಪ್ಪಿಸಿದೆ.

ಮಣಿಪಾಲದಿಂದ ಪರ್ಕಳ, ಹಿರಿಯಡ್ಕ ದಾಟಿ, ಬೈಲೂರಿನ ಮೇಲೆ ಕಾರ್ಕಳ. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಾಚೆ ನೋಡುತ್ತಾ 'ಟ್ರೀ', 'ಕೌ', 'ರಿವರ್' ಎಂದು ಮಕ್ಕಳಂತೆ ಪದ ಹೆಕ್ಕುತ್ತಿದ್ದರು. ಸ್ಪೇನಿನ ಗೆಳತಿ ಧೈರ್ಯವಾಗಿ ತಪ್ಪು ಮಾತಾಡುತ್ತಿದ್ದಳು. ತಪ್ಪಿದರೆ ನಕ್ಕು ಇನ್ನೊಮ್ಮೆ ಹೇಳುತ್ತಿದ್ದಳು. ನಾಚಿಕೆ ಎಂಬುದೇ ಇಲ್ಲ. ಕಾಪುವಿನ ತಾಯಿ ಅದನ್ನೇ ಗಮನಿಸುತ್ತಿದ್ದರು.

ಅತ್ತೂರಿನ ಬಳಿಕ ಗುಡ್ಡದ ಮೇಲೆ 1432ರಲ್ಲಿ ನಿಲ್ಲಿಸಿದ, 42 ಅಡಿ ಎತ್ತರದ ಗೊಮ್ಮಟನನ್ನು ನೋಡಿದೆವು. ಅಲ್ಲಿಂದ ಚತುರ್ಮುಖ ಬಸದಿಗೆ ಬಂದೆವು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಬಸದಿ ನಾಲ್ಕು ದಿಕ್ಕಿನಿಂದಲೂ ಒಂದೇ ತೆರನಾಗಿ ಕಾಣುತ್ತದೆ. ಸ್ಪೇನಿನ ಗೆಳತಿ ಒಂದು ಸುತ್ತು ಬಂದು ಬೆರಗಿನಿಂದ, "ದೇರ್ ಈಸ್ ಫೋರ್ ಡೋರ್ಸ್!" ಎಂದಳು.

ನಾನು ಬಾಯಿ ತೆರೆಯುವ ಮುನ್ನವೇ ಪಕ್ಕದಿಂದ ಮೆಲುದನಿ ಬಂತು. "ಈಸ್ ಅಲ್ಲ... ಆರ್. ದೇರ್ ಆರ್ ಫೋರ್ ಡೋರ್ಸ್."

ಹೇಳಿದವರು ಕಾಪುವಿನ ತಾಯಿ! ಸ್ಪ್ಯಾನಿಷಿನಲ್ಲಿ 'ಐ' ಎಂಬ ಒಂದೇ ಪದ ಒಂದು ಬಾಗಿಲಿಗೂ ಸಾಕು, ನಾಲ್ಕಕ್ಕೂ ಸಾಕು. ನಮ್ಮ ಕರಾವಳಿಯ 'ಉಂಟು' ಇದೆಯಲ್ಲ, ಹಾಗೆಯೇ. ತರಗತಿಯಲ್ಲಿ ಈ ತಾಯಿಯೂ ಅದೇ ತಪ್ಪು ಮಾಡಿದ್ದರು. ಆಗ ನಾನು, "ಉಂಟು ಬಿಡಿ, ಶಾಲೆಯಲ್ಲಿ ಕಲಿತ ಕನ್ನಡ ನೆನಪು ಮಾಡಿಕೊಳ್ಳಿ. ಒಂದಾದರೆ 'ಇದೆ', ಹಲವಾದರೆ 'ಇವೆ'. 'ಈಸ್' ಮತ್ತು 'ಆರ್' ಕೂಡಾ ಅಷ್ಟೇ" ಎಂದಿದ್ದೆ. ಎಂದೋ ಬಿಟ್ಟ ಶಾಲೆಯ ಕನ್ನಡ ಅಂದು ಕೈಹಿಡಿದಿತ್ತು.

ಸ್ಪೇನಿನ ಗೆಳತಿ ಚಪ್ಪಾಳೆ ತಟ್ಟಿ, ನಿಮಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದಳು. ಆ ತಾಯಿ ಬೆರಳು ಮಡಚಿದರು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನೆರೆಮನೆಯವರೊಡನೆ ಉರ್ದು, ಕುರ್‌ಆನ್ ಪಾರಾಯಣಕ್ಕೆ ಅರಬಿ ಲಿಪಿ. "ಫೈವ್!" ಎಂದು ಆಕೆ ಕಣ್ಣರಳಿಸಿದಳು. "ಐ, ಓನ್ಲಿ ಒನ್."

ಮರಳುವ ದಾರಿಯಲ್ಲಿ ಆ ತಾಯಿ, "ಬರುವ ತಿಂಗಳು ಮಗನ ಶಾಲೆಯಲ್ಲಿ ಮೀಟಿಂಗ್ ಉಂಟು ಟೀಚರ್, ಹೋಗಲಾ?" ಎಂದರು. "ಹೋಗಿ, ಇನ್‌ಶಾ ಅಲ್ಲಾಹ್ ಎಲ್ಲ ಸರಿಯಾಗುತ್ತದೆ" ಎಂದೆ. ಗೆಳತಿಗೆ ವಿಷಯ ತಿಳಿಸಿದಾಗ ಆಕೆ ಅವರ ಕೈ ಹಿಡಿದು 'ಒಹಲಾ' ಎಂದಳು. ಹಾಗಾಗಲಿ ಎಂಬ ಹಾರೈಕೆ ಅದು. 'ಅಲ್ಲಾಹನು ಇಚ್ಛಿಸಿದರೆ' ಎಂಬ ಅರಬಿ ಮಾತೇ ಸ್ಪೇನಿನಲ್ಲಿ ಸವೆದು ಈ ರೂಪ ತಾಳಿದೆ.

ಮಾರ್ಚಿನಲ್ಲಿ ಅವರು ಮೀಟಿಂಗಿಗೆ ಹೋದರು. ಬಾಗಿಲಲ್ಲಿ ಟೀಚರ್ ಯಾರೆಂದು ಕೇಳಿದಾಗ ಮಗನ ಹೆಗಲ ಮೇಲೆ ಕೈಯಿಟ್ಟು, "ಐ ಆ್ಯಮ್ ಹಿಸ್ ಮದರ್" ಎಂದರಂತೆ. ಉಳಿದದ್ದನ್ನೆಲ್ಲ ಕನ್ನಡದಲ್ಲೇ ಮಾತಾಡಿದರಂತೆ, ತಲೆ ತಗ್ಗಿಸದೆ.