ಗೋಡೆಯ ಮೇಲಿನ ಗಣಿತ

ರಷ್ಯಾ ದೇಶದ ಪಾಲಿಬಿನೋ ಎಂಬ ಗ್ರಾಮದ ಶ್ರೀಮಂತರ ಮನೆಯೊಂದರಲ್ಲಿ ಗೋಡೆಗೆ ಅಂಟಿಸುವ ಬಣ್ಣದ ಕಾಗದವು ಸಾಲದೆ ಹೋಗಲು, ಮಕ್ಕಳ ಕೋಣೆಗೆ ಹಳೆಯ ಹಾಳೆಗಳನ್ನೇ ಮೆತ್ತಿದರು. ಅವು ಆಸ್ಟ್ರೊಗ್ರಾಡ್‌ಸ್ಕಿ ಎಂಬ ಪಂಡಿತನ ಕಲನಶಾಸ್ತ್ರದ ಉಪನ್ಯಾಸಗಳು. 1850ರಲ್ಲಿ ಜನಿಸಿದ ಸೋಫಿಯಾ ಎಂಬ ಬಾಲಿಕೆಯು ಅರ್ಥವಾಗದ ಆ ಸಂಕೇತಗಳ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದಳು.

ಕೆಲವು ವರ್ಷಗಳ ತರುವಾಯ, ನೆರೆಯ ಪ್ರಾಧ್ಯಾಪಕ ಟಿರ್ಟೋವನು ರಚಿಸಿದ ಭೌತಶಾಸ್ತ್ರ ಗ್ರಂಥವನ್ನು ಓದುವಾಗ ‘ಸೈನ್’ ಎಂಬ ಪದವು ಎದುರಾಯಿತು. ತ್ರಿಕೋಣಮಿತಿಯನ್ನು ಆಕೆಯು ಕಲಿತಿರಲಿಲ್ಲ. ಚಾಪದ ಜ್ಯೆಯನ್ನೇ ಅದರ ಸ್ಥಾನದಲ್ಲಿಟ್ಟು ನೋಡಲು, ಕೋನವು ಅಲ್ಪವಾಗಿದ್ದಲ್ಲಿ ಲೆಕ್ಕವು ಸರಿಹೋಯಿತು. ಆ ಪದವಾದರೂ ಭಾರತೀಯ ಜ್ಯೋತಿಷಿಗಳ ‘ಜ್ಯಾ’, ‘ಜೀವಾ’ ಎಂಬುದರಿಂದಲೇ ಹೊರಟು, ಅರಬರ ಬಾಯಲ್ಲಿ ರೂಪಗೆಟ್ಟು, ಲ್ಯಾಟಿನ್ನಿನಲ್ಲಿ ಬೇರೊಂದು ಅರ್ಥವನ್ನೇ ತಳೆದುದಲ್ಲವೆ! ಪೂರ್ಣಜ್ಯೆಯಿಂದ ಅರ್ಧಜ್ಯೆಗೆ ಬಂದ ಶಾಸ್ತ್ರದ ಹಳೆಯ ದಾರಿಯನ್ನು ಈ ಬಾಲೆಯು ತಾನರಿಯದೆಯೇ ತುಳಿದಿದ್ದಳು. ಟಿರ್ಟೋವನು ಬೆರಗಾಗಿ, ಮಗಳಿಗೆ ಗಣಿತವನ್ನು ಕಲಿಸಬೇಕೆಂದು ತಂದೆಗೆ ಹೇಳಿದನು.

ಸ್ವದೇಶದ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ಮುಚ್ಚಿದ್ದವು. ತಂದೆಯ ಅಥವಾ ಪತಿಯ ಅನುಮತಿಯಿಲ್ಲದೆ ವಿದೇಶಕ್ಕೂ ಹೋಗುವಂತಿರಲಿಲ್ಲ. ಆ ಕಾರಣದಿಂದಲೇ 1868ರಲ್ಲಿ ವ್ಲಾದಿಮಿರ್ ಕೊವಲೆವ್‌ಸ್ಕಿಯೊಡನೆ ಹೆಸರಿಗೆ ಮಾತ್ರವಾದ ವಿವಾಹವು ನಡೆಯಿತು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೇಳುವುದಕ್ಕೂ ಆಕೆಗೆ ಅಪ್ಪಣೆ ದೊರೆಯಲಿಲ್ಲ. ಅಧಿಕಾರಿ ಯಾರೆಂದು ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಚಾರಿಸುವುದುಂಟು. ಬರ್ಲಿನ್ನಿನವರು ಉಡುಪನ್ನು ನೋಡಿಯೇ ಅದನ್ನು ನಿರ್ಣಯಿಸಿದರು. (ಅವರನ್ನು ಹಳಿಯುವ ಮುನ್ನ, ಪಾಠಶಾಲೆಗಳ ಸಾಲಿನಲ್ಲಿ ಹೆಣ್ಣುಮಕ್ಕಳು ಏಕೆ ಕುಳಿತಿರಲಿಲ್ಲವೆಂಬುದನ್ನೂ ನೆನೆಯುವುದು ನ್ಯಾಯ.) ವೈಯರ್‌ಸ್ಟ್ರಾಸನೆಂಬ ಗಣಿತಾಚಾರ್ಯನು ಮಾತ್ರ ಕಠಿನ ಪ್ರಶ್ನೆಗಳನ್ನು ಕೊಟ್ಟು ಪರೀಕ್ಷಿಸಿ, ಉತ್ತರಗಳನ್ನು ಕಂಡು, ನಾಲ್ಕು ವರ್ಷಗಳ ಕಾಲ ಪ್ರತ್ಯೇಕವಾಗಿ ಪಾಠ ಹೇಳಿದನು. 1874ರಲ್ಲಿ ಗೊಟಿಂಗೆನ್ ವಿಶ್ವವಿದ್ಯಾಲಯವು ಮೂರು ಪ್ರಬಂಧಗಳನ್ನು ಮನ್ನಿಸಿ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅವುಗಳಲ್ಲೊಂದು ಶನಿಗ್ರಹದ ಬಳೆಗಳನ್ನು ಕುರಿತದ್ದು.

ಪದವಿಯು ಬಂದಿತು, ಉದ್ಯೋಗವು ಬರಲಿಲ್ಲ. ರಷ್ಯಾಕ್ಕೆ ಮರಳಿದ ಮೇಲೆ ಹಲವು ವರ್ಷಗಳು ಗಣಿತವಿಲ್ಲದೆಯೇ ಕಳೆದವು. ಹೆಸರಿನ ದಾಂಪತ್ಯವು ನಿಜವಾಗಿ, 1878ರಲ್ಲಿ ಮಗಳು ಹುಟ್ಟಿದಳು. 1883ರಲ್ಲಿ, ಸಾಲಸೋಲಗಳಿಂದ ಕಂಗೆಟ್ಟ ಪತಿಯು ಆತ್ಮಹತ್ಯೆ ಮಾಡಿಕೊಂಡನು. ಅದೇ ವರ್ಷ ಮಿಟ್ಟಾಗ್-ಲೆಫ್ಲರನ ಪ್ರಯತ್ನದಿಂದ ಸ್ವೀಡನ್ನಿನ ಸ್ಟಾಕ್‌ಹೋಮ್ ಆಕೆಯನ್ನು ಕರೆಯಿತು. 1889ರಲ್ಲಿ ಪ್ರಾಧ್ಯಾಪಕ ಪದವು ಸ್ಥಿರವಾಯಿತು.

ಒಂದು ಬಿಂದುವಿನ ಮೇಲೆ ನಿಂತು ತಿರುಗುವ ಬುಗುರಿಯ ಚಲನೆಯನ್ನು ಆಯ್ಲರನೂ ಲಗ್ರಾಂಜನೂ ಒಂದೊಂದು ಸಂದರ್ಭದಲ್ಲಿ ಬಿಡಿಸಿದ್ದರು. ಮೂರನೆಯದನ್ನು ಬಿಡಿಸಿದವಳು ಸೋಫಿಯಾ. 1888ರಲ್ಲಿ ಪ್ಯಾರಿಸ್ಸಿನ ಪಂಡಿತಸಭೆಯು ಬೋರ್ಡಿನ್ ಬಹುಮಾನವನ್ನು 3000 ಫ್ರಾಂಕುಗಳಿಂದ 5000ಕ್ಕೆ ಏರಿಸಿ ಆಕೆಗಿತ್ತಿತು. ಮರುವರ್ಷ ರಷ್ಯಾದ ಅಕಾಡೆಮಿಯೂ ಸದಸ್ಯತ್ವದ ಗೌರವವನ್ನು ಸಲ್ಲಿಸಿತು. ಆದರೆ ಕೆಲಸವನ್ನು ಮಾತ್ರ ಕೊಡಲಿಲ್ಲ.

1891ರ ಫೆಬ್ರವರಿ 10ರಂದು, 41ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಉರಿಯೂತದಿಂದ ಸ್ಟಾಕ್‌ಹೋಮಿನಲ್ಲಿಯೇ ಆಕೆಯು ತೀರಿಕೊಂಡಳು. ಮಗಳಿಗೆ ಆಗ 12 ವರ್ಷ.