ನಾಪಾ ಕೋಸಿನ ಲೆಕ್ಕ

ಜೂನ್ 6, ಆನ್ ಆರ್ಬರ್

ಹತ್ತೂ ನಾಪಾ ಕೋಸಿನ ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಒಂದೂ ಗಡ್ಡೆ ಕಟ್ಟಲಿಲ್ಲ. ನಡುವಿಂದ ದಂಟೆದ್ದು ಸಾಸಿವೆ ಗಿಡದ ಹಾಗೆ ಹಳದಿ ಹೂ ಬಿಟ್ಟಿದ್ದವು. ಮಿಷಿಗನ್ನಿನ ಏಪ್ರಿಲ್ ಬಿಸಿಲು ನಂಬಿ ನೆಟ್ಟಿದ್ದು ತಪ್ಪಾಯಿತು. ಎಳೆ ಸಸಿಗೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಒಂದು ಚಳಿಗಾಲ ಕಳೆದ ಲೆಕ್ಕ ಅದಕ್ಕೆ. ಹಗಲು 15 ಗಂಟೆಗೆ ಬೆಳೆಯುವ ಹೊತ್ತಿಗೆ ಹೂವಿಗೆ ನಿಂತುಬಿಡುತ್ತದೆ. ಈ ಕೋಸು ಚಳಿಯ ಕಡೆಗೆ ಬೆಳೆಯಬೇಕು, ಚಳಿಯಿಂದ ಆಚೆಗಲ್ಲ.

ಜುಲೈ 14

ಊರಲ್ಲಿ ಈಗ ಪುನರ್ವಸು ಮಳೆ. ಅಪ್ಪ ಮಳೆ ನಕ್ಷತ್ರ ಎಣಿಸಿ ರಾಗಿ ಬಿತ್ತುತ್ತಿದ್ದರು. ನಾನು ಫ್ರಾಸ್ಟಿನ ತಾರೀಕಿನಿಂದ ಹಿಂದಕ್ಕೆ ಎಣಿಸುತ್ತೇನೆ. ಇಲ್ಲಿ ಮೊದಲ ಫ್ರಾಸ್ಟ್ ಸುಮಾರಾಗಿ ಅಕ್ಟೋಬರ್ ಎರಡನೇ ವಾರ. ಅದೂ ಸರಾಸರಿ ಅಷ್ಟೆ, ಎಷ್ಟೋ ವರ್ಷ ಮೊದಲೇ ಬರುತ್ತದೆ. ಪೊಟ್ಟಣದ ಮೇಲೆ ನಾಟಿಯಿಂದ 60 ದಿನ ಎಂದಿದೆ. ಹಗಲು ಕುಗ್ಗುತ್ತ ಹೋಗುವುದಕ್ಕೆ ಇನ್ನು 14, ಟ್ರೇಯಲ್ಲಿ 25. ಒಟ್ಟು 99. ಇವತ್ತು ಹಾಕಿದರೆ ಅಕ್ಟೋಬರ್ 21. ಹಗುರ ಫ್ರಾಸ್ಟನ್ನು ಬಲಿತ ಗಿಡ ತಡೆಯುತ್ತದೆ, ಹೆದರಿಕೆಯಿಲ್ಲ. ಬೇರು ಅಲುಗಿದರೆ ಮುನಿಯುವ ಜಾತಿ, ಅದಕ್ಕೇ ಒಂದೊಂದು ಗುಳಿಗೆ ಎರಡೇ ಬೀಜ.

ಆಗಸ್ಟ್ 8

ನಾಟಿ ಆಯಿತು. ಸಂಜೆ ನೀರು ಹಾಕಿ ತೆಳು ಬಟ್ಟೆ ಹೊದಿಸಿದೆ. ಹೋದ ಸಲ ಜಿಗಿಯುವ ಕರಿಹುಳ ಎಲೆಯನ್ನೆಲ್ಲ ಜರಡಿ ಮಾಡಿತ್ತು.

ಅಕ್ಟೋಬರ್ 12

ರಾತ್ರಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಬೆಳಗ್ಗೆ ಟಾರ್ಚ್ ಹಿಡಿದು ಹಿತ್ತಲಿಗೆ ಓಡಿದೆ. ಹುರುಳಿಕಾಯಿ ಬಳ್ಳಿ ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಕೋಸಿನ ಹೊರ ಎಲೆಯ ಅಂಚಿಗೆ ಪುಡಿಯುಪ್ಪು ಉದುರಿಸಿದಂತೆ ಬಿಳುಪು. ಮುಟ್ಟಿದರೆ ಗಾಜಿನ ಹಾಗೆ ಬಿರುಸು. ಕೈ ತೆಗೆದೆ, ಹೆಪ್ಪುಗಟ್ಟಿದ ಎಲೆ ಮುಟ್ಟಿದರೆ ಗಾಯವಾಗುತ್ತದೆ. ಒಂಬತ್ತಕ್ಕೆ ಬಿಸಿಲು ಬಿದ್ದಾಗ ಎಲ್ಲ ಎಲೆ ಮತ್ತೆ ನೆಟ್ಟಗೆ.

ಪಕ್ಕದ ಮನೆಯ ಕೊರಿಯಾದ ಅಜ್ಜಿ ಬೇಲಿಯಾಚೆಯಿಂದಲೇ, ‘ಇನ್ನೂ ಎರಡು ರಾತ್ರಿ ಬಿಡು’ ಅಂದರು. ಅವರೂರಲ್ಲಿ ವರ್ಷದ ಕಿಮ್ಚಿಗೆ ಕೋಸು ಕೊಯ್ಯುವುದು ನವೆಂಬರ್ ಚಳಿಯಲ್ಲೇ. ಚಳಿಗೆ ಎಲೆಯಲ್ಲಿ ಸಕ್ಕರೆ ಏರುತ್ತದೆ, ಆ ಸಕ್ಕರೆಯೇ ಅದನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ.

ಅಕ್ಟೋಬರ್ 24

ಹತ್ತರಲ್ಲಿ ಎಂಟು ಗಡ್ಡೆ. ದೊಡ್ಡದು ಒಂದೂಮುಕ್ಕಾಲು ಕೆಜಿ. ಸೀಳಿದರೆ ಒಳಗೆ ಬೆಣ್ಣೆ ಬಣ್ಣ. ಹಸಿ ಎಲೆಯೇ ಸಿಹಿ. ಎರಡು ಅಜ್ಜಿಗೆ ಕೊಟ್ಟೆ, ಒಂದು ಕಡಲೆಬೇಳೆ ಪಲ್ಯಕ್ಕೆ. ಮುಂದಿನ ವರ್ಷವೂ ಬೀಜ ಜುಲೈ 14ಕ್ಕೇ.