ಭೂಮಣ್ಣಿ ಬುಟ್ಟಿಗೆ ಪುಟ್ಟ ಕೈಗಳು

ದಸರಾ ರಜೆಯಲ್ಲಿ ಮಕ್ಕಳನ್ನು ಮನೆಯಲ್ಲಿ ಹಿಡಿದಿಡುವುದು ಎಂಥಾ ಕೆಲಸವೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. "ಅಮ್ಮಾ, ಈಗೇನು ಮಾಡ್ಲಿ?" ಎಂಬ ರಾಗ ಬೆಳಗಿನಿಂದಲೇ ಶುರುವಾಗುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿರಿಯರು ಈ ರಾಗಕ್ಕೆ ಎಂದೋ ಉತ್ತರ ಹುಡುಕಿಟ್ಟಿದ್ದಾರೆ. ಅದೇ ಭೂಮಣ್ಣಿ ಬುಟ್ಟಿ.

ವಿಜಯದಶಮಿ ಕಳೆದು ಐದನೆಯ ದಿನಕ್ಕೆ ಬರುವುದು ಭೂಮಿ ಹುಣ್ಣಿಮೆ. ಸೀಗೆ ಹುಣ್ಣಿಮೆ ಎಂದೂ ಕರೆಯುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ ಬಡಿಸಬೇಕು ಎಂಬುದು ನಂಬಿಕೆ. ಆ ಊಟ ಗದ್ದೆಗೆ ಹೋಗುವುದು ಚಿತ್ತಾರ ಬರೆದ ಬಿದಿರಿನ ಬುಟ್ಟಿಯಲ್ಲಿ. ನಮ್ಮ ದೀವರ ಮನೆಗಳಲ್ಲಿ ಈ ಚಿತ್ತಾರ ಹೆಂಗಸರ ಕೆಲಸ. ಮಕ್ಕಳಿಗೆ ಅದರಲ್ಲಿ ಪಾಲು ಕೊಟ್ಟರೆ ರಜೆಯೂ ಚೆನ್ನಾಗಿ ಕಳೆಯುತ್ತದೆ, ಬೇರೊಂದು ಪಾಠವೂ ಆಗುತ್ತದೆ.

ಮಾಡುವುದು ಸುಲಭ. ಸಂತೆಯಲ್ಲಿ ಒಂದು ಸಣ್ಣ ಬಿದಿರು ಬುಟ್ಟಿ ತನ್ನಿ. ಜರಡಿ ಹಿಡಿದ ಕೆಮ್ಮಣ್ಣನ್ನು ಸಗಣಿಯ ಜತೆ ಕಲಸಿ ಬುಟ್ಟಿಗೆ ಎರಡು ಸಲ ಬಳಿಯಿರಿ. ಒಂದು ಬಳಿತ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಮಣ್ಣು ಕಲಸಲು ಮಕ್ಕಳನ್ನು ಕರೆಯಬೇಕಾಗಿಲ್ಲ, ತಾವೇ ಬಂದು ಕೂರುತ್ತಾರೆ! ಕೊನೆಗೆ ಸೋಪು ಹಾಕಿ ಕೈ ತೊಳೆಸುವುದನ್ನು ಮಾತ್ರ ಮರೆಯಬೇಡಿ.

ಬಿಳಿ ಬಣ್ಣಕ್ಕೆ ಒಂದು ಹಿಡಿ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಕಪ್ಪಿಗೆ, ಅಕ್ಕಿಯನ್ನು ಇದ್ದಿಲಿನಂತೆ ಕಪ್ಪಾಗುವವರೆಗೆ ಹುರಿದು, ಆರಿಸಿ, ನೀರು ಹಾಕಿ ಅರೆಯಿರಿ. ಹುರಿಯುವ ಕೆಲಸ ನಿಮ್ಮದೇ ಇರಲಿ. ಹಳದಿಗೆ ಹಳಬರು ಗುರಿಗೆ ಕಾಯಿ ಬಳಸುತ್ತಿದ್ದರು. ಪೇಟೆಯಲ್ಲಿ ಅದೆಲ್ಲಿ ಸಿಗಬೇಕು? ಅರಿಶಿನ ಸಾಕು. ಪುಂಡಿ ನಾರು ಸಿಕ್ಕರೆ ಅದರ ತುದಿ ಬಿಡಿಸಿ ಕುಂಚ ಮಾಡಿ. ಇಲ್ಲವಾದರೆ ಕಡ್ಡಿಯ ತುದಿಗೆ ಹತ್ತಿ ಸುತ್ತಿದರೂ ನಡೆಯುತ್ತದೆ.

ಮೂರು ವರ್ಷದ ಕೂಸಿಗೆ ಬೆರಳದ್ದಿ ಚುಕ್ಕೆ ಇಡಲು ಹೇಳಿ, ಅವು ಭತ್ತದ ಕಾಳುಗಳು. ಐದಾರು ವರ್ಷದವರು ಒಂದು ಗೆರೆ ಎಳೆದು ಎರಡೂ ಕಡೆ ಓರೆ ಗೆರೆ ಹಾಕಿದರೆ ಭತ್ತದ ಸಸಿಯಾಯಿತು. ಸ್ವಲ್ಪ ದೊಡ್ಡವರು ಏಣಿ, ಎತ್ತಿನ ಗಾಡಿ, ಸೂರ್ಯ ಚಂದ್ರ ಬರೆದಾರು. ಗೆರೆ ಸೊಟ್ಟಗಾದರೆ ತಿದ್ದಲು ಹೋಗಬೇಡಿ. ನೀವು ತಿದ್ದಿದರೆ ಅದು ನಿಮ್ಮ ಬುಟ್ಟಿಯಾಗುತ್ತದೆ.

ಹುಣ್ಣಿಮೆಯ ಹಿಂದಿನ ದಿನ ಹಚ್ಚಂಬಲಿಗೆ ಸೊಪ್ಪು ಕೂಡಿಸುವ ಕೆಲಸ. ಬಗೆಬಗೆಯ ಸೊಪ್ಪು, ತರಕಾರಿ ಬೇಯಿಸಿ ಮಾಡುವ ಇದನ್ನು ನಸುಕಿನಲ್ಲಿ ಗದ್ದೆಗೆ ಬೀರುತ್ತಾರೆ. ಮಕ್ಕಳು ಎಷ್ಟು ಬಗೆ ತಂದರೆಂದು ಎಣಿಸಿ, ಹೆಸರು ಹೇಳಿಕೊಡಿ. ಹಿರಿಯರು ಗುರುತಿಸದ ಸೊಪ್ಪು ಮಾತ್ರ ಪಾತ್ರೆಗೆ ಬೀಳಕೂಡದು.

ನನ್ನ ಮಗಳಿಗೆ ಆರು ವರ್ಷವಾಗಿದ್ದಾಗ, ಚುಕ್ಕೆ ಇಡುತ್ತಾ ಇಡುತ್ತಾ ನಮ್ಮ ಅತ್ತೆಯವರನ್ನು ಕೇಳಿದಳು: "ಅಜ್ಜೀ, ನಮಗೆ ಗದ್ದೆನೇ ಇಲ್ವಲ್ಲ, ಈ ಬುಟ್ಟಿ ಯಾರಿಗೆ?"

ನನ್ನ ಕೈ ಅಲ್ಲೇ ನಿಂತಿತು. ಅತ್ತೆಯವರ ತವರು ಹೊಸನಗರದ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅವರ ಅಪ್ಪನ ಗದ್ದೆ, ಮನೆ, ಕಣ ಎಲ್ಲ ನೀರಿನಡಿಗೆ ಹೋದವು. ಆಗ ಅವರಿನ್ನೂ ಸಣ್ಣ ಹುಡುಗಿ. ಹೊರಲು ಆದಷ್ಟು ಸಾಮಾನು ಹೊತ್ತು ಸಾಗರದ ಕಡೆ ಬಂದಾಗ ಅವರ ಅವ್ವ ಬೀಸುವ ಕಲ್ಲನ್ನು ಬಿಟ್ಟುಬಂದರಂತೆ, ಭೂಮಣ್ಣಿ ಬುಟ್ಟಿಯನ್ನು ಬಿಡಲಿಲ್ಲವಂತೆ. ಆ ವರ್ಷದ ಹುಣ್ಣಿಮೆಗೆ ತಾವು ಕೂಲಿಗೆ ನಾಟಿ ಮಾಡಿದ್ದ ಬೇರೆಯವರ ಗದ್ದೆಗೇ ಎಡೆ ಒಯ್ದರಂತೆ. ಇದನ್ನೆಲ್ಲ ಅತ್ತೆಯವರು ಸಾಮಾನ್ಯವಾಗಿ ಬಾಯಿ ಬಿಟ್ಟು ಹೇಳುವವರಲ್ಲ.

ಅಂದು ಮೊಮ್ಮಗಳ ಕೈಗೆ ಅಕ್ಕಿ ಹಿಟ್ಟು ಬಳಿಯುತ್ತಾ ಅವರು ಅಂದರು: "ಗದ್ದೆ ಯಾರ್ದಾದ್ರೇನು ಮಗಾ, ಅನ್ನ ನಾವೂ ಉಂಡಿದೀವಲ್ಲ!"

ಮಗಳಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಆ ಮಾತು ದಿನವಿಡೀ ಕಿವಿಯಲ್ಲಿ ಉಳಿಯಿತು.

ಈಗ ನಾವು ಬುಟ್ಟಿ ಒಯ್ಯುವುದು ತೀರ್ಥಹಳ್ಳಿಯ ಹತ್ತಿರದ ನಾದಿನಿಯ ಮನೆಗೆ. ಅವರ ಗದ್ದೆಯೂ ವರ್ಷ ವರ್ಷಕ್ಕೆ ಸಣ್ಣದಾಗುತ್ತಾ ಅಡಿಕೆ ತೋಟವಾಗುತ್ತಿದೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಗಿಟ್ಟುವುದೂ ಇಲ್ಲ, ಅವರನ್ನು ದೂರುವುದು ಹೇಗೆ? ತೋಟವಿದ್ದವರು ಅಡಿಕೆ ಮರಕ್ಕೂ ಆ ದಿನ ಪೂಜೆ ಮಾಡುತ್ತಾರೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ ಇಡುತ್ತಾರೆ. ಬೆಳೆ ತಿನ್ನುವ ಇಲಿಗೇಕೆ ಎಂದು ಮಕ್ಕಳು ನಗುತ್ತವೆ. ನಗುತ್ತಲೇ ಇಡುತ್ತವೆ, ಅದೇ ಬೇಕಾದದ್ದು.

ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಅಲ್ಲಿನ ಕೃತಜ್ಞತಾ ಹಬ್ಬಕ್ಕೆ ಶಾಲೆಯಲ್ಲಿ ಅಂಗೈಯನ್ನು ಬಣ್ಣಕ್ಕೆ ಅದ್ದಿ, ಕಾಗದಕ್ಕೆ ಒತ್ತಿ, ಟರ್ಕಿ ಕೋಳಿಯ ಚಿತ್ರ ಮಾಡುತ್ತಾನಂತೆ. ನವೆಂಬರಿನ ನಾಲ್ಕನೆಯ ಗುರುವಾರ ಅಲ್ಲಿ ಆ ಹಬ್ಬ, ಕೆನಡಾದಲ್ಲಿ ಅಕ್ಟೋಬರಿನ ಎರಡನೆಯ ಸೋಮವಾರ. ಬೆಳೆ ಕೈಗೆ ಬಂದ ಮೇಲೆ ಅವರು ನೆನೆಯುತ್ತಾರೆ, ನಾವು ಬೆಳೆ ಇನ್ನೂ ಹೊಡೆಯಲ್ಲಿರುವಾಗಲೇ ಉಣಿಸುತ್ತೇವೆ. ನಾದಿನಿಗೆ ಇದನ್ನು ಹೇಳಿದಾಗ, "ಬಸುರಿಗೆ ಹೆರಿಗೆ ಆದ್ಮೇಲೆ ಬಯಕೆ ಬಡಿಸ್ತಾರಾ?" ಎಂದು ನಕ್ಕರು. ಹಬ್ಬ ಯಾವುದಾದರೇನು, ಮಕ್ಕಳ ಕೈಗೆ ಕೆಲಸ ಕೊಟ್ಟರೆ ತಾನೆ ಅವರಿಗೆ ಅದು ತಮ್ಮದೆನಿಸುವುದು?

ಇನ್ನೊಂದು ಮಾತು, ಗೆಳತಿಯರೇ. ಬಣ್ಣ ನಿಲ್ಲಲೆಂದು ಅಂಗಡಿಯ ಪೇಂಟ್ ಬಳಿದು, ಬುಟ್ಟಿಯನ್ನು ಷೋಕೇಸಿನಲ್ಲಿ ಇಡಬೇಡಿ. ಮನೆ ಹಿಂದೆ ಒಂದು ಬಸಳೆ ಬಳ್ಳಿ, ಒಂದು ನುಗ್ಗೆ ಮರ ಇದ್ದರೂ ಸಾಕು, ಅದರ ಬುಡಕ್ಕೆ ಹೋಗಿ ಮಕ್ಕಳ ಕೈಯಿಂದಲೇ ಬಡಿಸಿ. ತಾನು ಮಾಡಿದ ಚಂದದ ವಸ್ತುವನ್ನು ತುಂಬಿಸಿ ಒಯ್ದು, ಕೊಟ್ಟು, ಖಾಲಿ ಮಾಡಿಕೊಂಡು ಬರುವ ಮಗುವಿಗೆ ಕೃತಜ್ಞತೆ ಎಂಬ ಪದವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಬುಟ್ಟಿಯನ್ನು ಒಣಗಿಸಿ ಅಟ್ಟಕ್ಕೆ ಹಾಕಿ. ಮುಂದಿನ ವರ್ಷ ಮಣ್ಣು ಮತ್ತೆ ಬಳಿದರೆ ಹೊಸ ಚಿತ್ತಾರಕ್ಕೆ ಜಾಗ ಸಿಕ್ಕೇ ಸಿಗುತ್ತದೆ.